ಗ್ರೀಸ್ ಟ್ರ್ಯಾಪ್ ಇದ್ರೂ ಹೋಟ್ಲು ಮೋರಿ ಕಟ್ಕೊಳೋದ್ಯಾಕೆ?

ಪ್ರಶ್ನೆ: ಸರ್, ಬೆಂಗಳೂರಲ್ಲಿ ನಮ್ದೊಂದು ಸಣ್ಣ ದರ್ಶಿನಿ. ಮೇಲಿಂದ ಮೇಲೆ ಪಾತ್ರೆ ತೊಳೆಯೋ ಕಡೆ ನೀರು ನಿಂತ್ಬಿಡತ್ತೆ. ಜಿಡ್ಡು ತಡೆಯೋ ತೊಟ್ಟಿ (ಗ್ರೀಸ್ ಟ್ರ್ಯಾಪ್) ಹಾಕ್ಸಿದೀವಿ, ಸಿಂಕಿಗೆ ಜಾಲಿನೂ ಇದೆ, ಆಸಿಡ್, ಬ್ಲೀಚಿಂಗ್ ಪೌಡರ್ ಎಲ್ಲ ಸುರಿದಾಯ್ತು. ಈಗ ಒಬ್ರು ಸಿಂಕ್ ಕೆಳಗೆ ಕ್ರಷರ್ ಹಾಕ್ಸಿ, ಎಂಜಲೆಲ್ಲ ನುಣ್ಣಗಾಗಿ ಹೋಗತ್ತೆ ಅಂತಿದಾರೆ. ಹಾಕ್ಸೋದಾ? ಇಲ್ಲಾ ಹುಡುಗನ್ನ ಮೋರಿ ಗುಂಡಿಗೆ, ಅಂದ್ರೆ ಚೇಂಬರಿಗೆ ಇಳಿಸಿ ಒಂದ್ಸಲ ಪೂರ್ತಿ ಕ್ಲೀನ್ ಮಾಡ್ಸೋದಾ?
– ಹೋಟೆಲ್ ಮಾಲೀಕರು, ವಿಜಯನಗರ

ಉತ್ತರ: ಎರಡೂ ಬೇಡ. ನುಣ್ಣಗಾದ ಅನ್ನ ಎಲ್ಲೂ ಮಾಯ ಆಗಲ್ಲ, ಹೋಗಿ ನಿಮ್ಮ ಟ್ರ್ಯಾಪ್ ತಳದಲ್ಲೇ ಕೂರತ್ತೆ. ಟ್ರ್ಯಾಪ್ ಇರೋದು ಜಿಡ್ಡಿಗೆ, ನೀರು ನಿಧಾನಕ್ಕೆ ಹೋದ್ರೆ ಜಿಡ್ಡು ಮೇಲೆ ತೇಲತ್ತೆ. ತಳದಲ್ಲಿ ಗಸಿ ತುಂಬಿದ್ರೆ ಜಾಗ ಸಾಲ್ದೆ ನೀರು ಜಿಡ್ಡನ್ನೂ ಎಳ್ಕೊಂಡೇ ಪೈಪಿಗೆ ನುಗ್ಗತ್ತೆ, ಜೊತೆಗೆ ಕೊಳೆತ ವಾಸ್ನೆ ಬೇರೆ. ಗಸಿ, ಜಿಡ್ಡು ಎರಡೂ ಸೇರಿ ಕಾಲು ಭಾಗ ತುಂಬೋ ಮುಂಚೆನೇ ತೆಗೆಸ್ಬಿಡಿ.

ಜಾಲಿ ಇದೆ ಅಂದ್ರಿ. ಬೆಳಿಗ್ಗೆ ಟಿಫನ್ ರಶ್ಶಲ್ಲಿ ಹೋಗಿ ನೋಡಿ, ಅದು ಸಿಂಕ್ ಪಕ್ಕದಲ್ಲಿ ಬಿದ್ದಿರತ್ತೆ. ಪಾತ್ರೆ ತೊಳೆಯೋರನ್ನ ಬೈಬೇಡಿ, ಜಾಲಿ ತುಂಬಿ ನೀರು ನಿಂತಿದೆ, ಇತ್ಲಾಗೆ ತಟ್ಟೆ ರಾಶಿ ಬರ್ತಾನೇ ಇದೆ, ಅವ್ರು ಕಿತ್ತು ಪಕ್ಕಕ್ಕಿಡದೆ ಇನ್ನೇನ್ ಮಾಡ್ತಾರೆ? ಸಿಂಕಿಗೆ ಎರಡೆರಡು ಬುಟ್ಟಿ ಜಾಲಿ ಕೊಡ್ಸಿ, ಒಂದು ತೆಗೆದ ಕೂಡ್ಲೆ ಇನ್ನೊಂದು ಕೂರ್ಬೇಕು. ನೆಲದ ಮೋರಿ ಬಾಯಿಗೂ ತೂತಿನ ಸ್ಟೀಲ್ ಬುಟ್ಟಿ ಹಾಕ್ಸಿ. ಅದಕ್ಕೂ ಮುಂಚೆ, ತಟ್ಟೆಗೆ ನೀರು ಮುಟ್ಸೋ ಮೊದ್ಲೇ ಎಂಜಲು, ಕರಿಬೇವು ಎಲ್ಲ ಡ್ರಮ್ಮಿಗೆ ಗೋರಿ ಹಾಕೋ ಅಭ್ಯಾಸ ಆಗ್ಬೇಕು. ಕಾಫಿ ಚರಟನೂ ಹಸಿ ಕಸಕ್ಕೇ.

ಆದ್ರೆ ನನಗೆ ಜಾಸ್ತಿ ಅನುಮಾನ ಇರೋದು ನಿಮ್ಮ ಗ್ರೈಂಡರ್ ಮೇಲೆ! ಇಡ್ಲಿ-ದೋಸೆ ಹಿಟ್ಟು ಯಾವ ಜಾಲಿಗೂ ಸಿಗಲ್ಲ, ಪೈಪೊಳಗೆ ಜಿಡ್ಡಿನ ಜೊತೆ ಸೇರಿ ಪೋಸ್ಟರ್ ಅಂಟಿಸೋ ಮೈದಾ ಅಂಟಿನ ಥರ ಕಚ್ಕೊಳತ್ತೆ. ಮೊದ್ಲು ಹಿಟ್ಟನ್ನ ಪೂರ್ತಿ ಬಳಿಸಿ, ಒಂದು ಚೊಂಬು ನೀರಲ್ಲಿ ತೊಳೆದು ಆ ನೀರನ್ನ ದೋಸೆ ಹಿಟ್ಟಿಗೇ ಸೇರ್ಸಿ. ಆಮೇಲೆ ತೊಳೆದ ನೀರು ಬಕೆಟಲ್ಲಿ ತಿಳಿಯಾಗ್ಲಿ, ತಿಳಿ ಮಾತ್ರ ಮೋರಿಗೆ, ಗಷ್ಟು ಹಸಿ ಕಸಕ್ಕೆ.

ಆಸಿಡ್ಡು, ಬ್ಲೀಚಿಂಗ್ ಪೌಡರ್ ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ದಯವಿಟ್ಟು ಇವತ್ತೇ ನಿಲ್ಸಿ. ಇನ್ನು ಹುಡುಗನ್ನ ಇಳಿಸೋ ಮಾತು, ಚೇಂಬರೊಳಗಿನ ಗ್ಯಾಸಿಗೆ ಕ್ಷಣದಲ್ಲಿ ಪ್ರಾಣ ಹೋಗತ್ತೆ, 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್ (ಮಲ ಹೊರುವ ಪದ್ಧತಿ) ನಿಷೇಧ ಕಾಯ್ದೆ ಪ್ರಕಾರ ಅದು ಅಪರಾಧನೂ ಹೌದು. ರಸ್ತೆ ಕಡೆ ಲೈನ್ ಕಟ್ಟಿದ್ರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ನಿಮ್ಮ ಒಳಗಿನ ಲೈನಿಗೆ ಜೋರಾಗಿ ನೀರು ಹಾಯಿಸಿ ಪೈಪ್ ಬಿಡಿಸೋ ಜೆಟ್ಟಿಂಗ್ ಮಷಿನ್‌ನೋರನ್ನ ಕರೆಸಿ.