ಆ ಹುಡುಗಿಯನ್ನು ಟಿಬಿ ವಾರ್ಡಿಗೆ ಕಳಿಸಿ

ಓದುಗರ ಪತ್ರ (ಸಂಕ್ಷಿಪ್ತವಾಗಿ): ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾಗಿದ್ದೇನೆ. ಕೆಲವು ವರ್ಷ ಟಿಬಿ ವಾರ್ಡಿನಲ್ಲೂ ಇದ್ದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಐರ್ಲೆಂಡಿನಿಂದ ಲಂಡನ್ನಿಗೆ ನರ್ಸಿಂಗ್ ಕಲಿಯಲು ಬಂದ ಹುಡುಗಿಯ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ. ಮೊದಲ ಮೂರು ಅಧ್ಯಾಯ ಕಳಿಸಿದ್ದೇನೆ. ನಾನು ಇಂಗ್ಲೆಂಡ್ ನೋಡಿಲ್ಲ. ಇಂಥದ್ದನ್ನು ನಾನು ಬರೆಯಬಹುದೇ? ನಾಯಕಿಯನ್ನು ಕನ್ನಡದ ಹುಡುಗಿ ಮಾಡು, ಆಗ ನಮ್ಮವರು ಓದುತ್ತಾರೆ ಅಂತ ಮನೆಯಲ್ಲಿ ಹೇಳುತ್ತಾರೆ. ನೀವೇನು ಹೇಳುತ್ತೀರಿ?
– ಹುಬ್ಬಳ್ಳಿಯ ಓದುಗರು

ನಮಸ್ಕಾರ ಸಿಸ್ಟರ್,

ಖಂಡಿತ ಬರೆಯಬಹುದು. ಎರಡನೇ ಅಧ್ಯಾಯದಲ್ಲಿ ಹುಡುಗಿ ಗಾಜಿನ ಸಿರಿಂಜ್ ಕುದಿಸುತ್ತಾಳೆ. ಸೂಜಿಯ ಮೊನೆಯನ್ನು ಹತ್ತಿಯ ಮೇಲೆ ಎಳೆದು, ಎಳೆ ಸಿಕ್ಕಿಕೊಂಡರೆ ಮೊಂಡಾಗಿದೆ ಎಂದು ಪಕ್ಕಕ್ಕಿಡುತ್ತಾಳೆ. ಆ ಪುಟವನ್ನು ಲಂಡನ್ನಿನಲ್ಲೇ ಹುಟ್ಟಿ ಬೆಳೆದವರಿಗೂ ಬರೆಯುವುದು ಕಷ್ಟ. ಆ ಕೆಲಸ ನಿಮ್ಮ ಕೈಗೆ ಗೊತ್ತಿದೆ. ಡ್ರೆಸ್ಸಿಂಗ್, ಬೆಡ್‌ಪ್ಯಾನ್, ಮೇಟ್ರನ್ ರೌಂಡ್ಸ್‌ಗೆ ಬರುವ ಹೊತ್ತಿನ ಹೆದರಿಕೆ, ಎಲ್ಲವೂ ಗೊತ್ತಿದೆ. ಉಳಿದದ್ದನ್ನು ಓದಿ ತಿಳಿಯಬಹುದು.

ನನಗೆ ಒಪ್ಪಿಗೆಯಾಗದ್ದು ಮೊದಲ ಅಧ್ಯಾಯ. 1948ರ ಜುಲೈ 5, ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದ ದಿನ. ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ವಾರ್ಡಿಗೆ ಬರುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಹುಡುಗಿಯ ಕಣ್ಣು ತುಂಬುತ್ತದೆ. ಆ ದಿನ ಬೆವನ್ ಹೋಗಿದ್ದು ಮ್ಯಾಂಚೆಸ್ಟರ್ ಬಳಿಯ ಪಾರ್ಕ್ ಆಸ್ಪತ್ರೆಗೆ. ಅದನ್ನು ತಿದ್ದುವುದು ಸುಲಭ. ಆದರೆ ನಿಮ್ಮ ಹುಡುಗಿ ಆ ದಿನವನ್ನು ಇವತ್ತಿನ ನಮ್ಮ ಕಣ್ಣಿನಿಂದ ನೋಡುತ್ತಿದ್ದಾಳೆ. ಅವಳಿಗೆ ಅದು ಸೋಮವಾರ. ಅದೇ ಮಂಚಗಳು, ಅದೇ ರೋಗಿಗಳು. ಬದಲಾವಣೆ ಕಂಡಿದ್ದು ನಿಧಾನವಾಗಿ. ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ಆಲ್ಮನರ್ ಎಂಬ ಅಧಿಕಾರಿಣಿ ಮನೆಯ ಆದಾಯ ಕೇಳಿ, ಎಷ್ಟು ಕೊಡಬಲ್ಲಿರಿ ಎಂದು ಲೆಕ್ಕ ಹಾಕುತ್ತಿದ್ದರು. ದುಡಿಯುವ ಗಂಡಸರಿಗೆ 1911ರ ವಿಮಾ ಕಾಯ್ದೆಯಿಂದ ವೈದ್ಯರ ಸೌಲಭ್ಯವಿತ್ತು, ಹೆಂಡತಿ ಮಕ್ಕಳಿಗೆ ಇರಲಿಲ್ಲ. ಹಾಗಾಗಿ ಜುಲೈ ನಂತರ ಬಂದವರಲ್ಲಿ ಎಷ್ಟೋ ಹೆಂಗಸರು ವರ್ಷಗಟ್ಟಲೆ ನೋವು ನುಂಗಿಕೊಂಡಿದ್ದವರು. ಗರ್ಭಕೋಶ ಜಾರಿದ್ದನ್ನು ಯಾರಿಗೂ ಹೇಳದೆ ಮನೆಗೆಲಸ ಮಾಡಿದ್ದವರು. ಅಂಥವರನ್ನು ನೀವೂ ನೋಡಿರುತ್ತೀರಿ, ಅಲ್ವಾ? ಅಂಥ ಒಬ್ಬಳು ಹೊರರೋಗಿಗಳ ಬೆಂಚಿನ ಮೇಲೆ ಕೂತಿರಲಿ. ಸಚಿವರು ಬೇಡ.

ನನ್ನ ಸಲಹೆ ಇಷ್ಟು. ಕಥೆಯನ್ನು ಒಂದೂವರೆ ವರ್ಷ ಹಿಂದಕ್ಕೆ, 1947ರ ಜನವರಿಗೆ ತನ್ನಿ. ಹುಡುಗಿಯನ್ನು ಟಿಬಿ ವಾರ್ಡಿಗೆ ಹಾಕಿ.

ಆ ಚಳಿಗಾಲ ಭೀಕರವಾಗಿತ್ತು. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹಿಮ. ಕಲ್ಲಿದ್ದಲು ಸಾಗಿಸಲು ಆಗದೆ ಕರೆಂಟ್ ಕಡಿತ. ಯುದ್ಧ ಗೆದ್ದ ದೇಶದಲ್ಲಿ ಬ್ರೆಡ್‌ಗೂ ಪಡಿತರ. ಯುದ್ಧದ ಕಾಲದಲ್ಲಿ ಇಲ್ಲದ ಆ ಪಡಿತರ ಬಂದಿದ್ದು 1946ರ ಜುಲೈನಲ್ಲಿ, ಹೋಗಿದ್ದು 1948ರ ಜುಲೈನಲ್ಲಿ.

ಅದೇ ಜನವರಿಯಲ್ಲಿ ಟಿಬಿಯ ಹೊಸ ಔಷಧ ಸ್ಟ್ರೆಪ್ಟೊಮೈಸಿನ್‌ನ ಪ್ರಯೋಗ ಶುರುವಾಯಿತು. ಲಂಡನ್ನಿನ ಬ್ರಾಂಪ್ಟನ್, ಕಾಲಿಂಡೇಲ್ ಆಸ್ಪತ್ರೆಗಳೂ ಅದರಲ್ಲಿದ್ದವು. ಎರಡೂ ಶ್ವಾಸಕೋಶಕ್ಕೆ ಟಿಬಿ ಹರಡಿದ, ಹೆಚ್ಚಾಗಿ 15ರಿಂದ 25 ವಯಸ್ಸಿನ ರೋಗಿಗಳು. ಅಂದರೆ ನಿಮ್ಮ ಹುಡುಗಿಯ ಓರಗೆಯವರೇ. ಅಮೆರಿಕದಿಂದ ತರಿಸಿದ ಔಷಧ ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಯಾರಿಗೆ ಕೊಡಬೇಕು ಎಂಬುದನ್ನು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಚೀಟಿ ಎತ್ತಿದ ಹಾಗೆ ಆರಿಸಿ, ಮುಚ್ಚಿದ ಲಕೋಟೆಗಳಲ್ಲಿ ಮೊದಲೇ ನಿಗದಿ ಮಾಡಿಟ್ಟಿದ್ದರು. ಅವರಿಗೂ ಮೊದಲ ಮಹಾಯುದ್ಧದ ಕಾಲದಲ್ಲಿ ಟಿಬಿ ಬಂದಿತ್ತು ಎಂಬುದು ನನ್ನನ್ನು ತುಂಬಾ ಕಾಡುವ ಸಂಗತಿ. ಒಟ್ಟು 107 ರೋಗಿಗಳು. 55 ಜನರಿಗೆ ಇಂಜೆಕ್ಷನ್ ಮತ್ತು ವಿಶ್ರಾಂತಿ, 52 ಜನರಿಗೆ ಬರೀ ವಿಶ್ರಾಂತಿ. ಔಷಧ ಸಿಗದವರಿಗೆ ತಾವು ಪ್ರಯೋಗದಲ್ಲಿ ಇದ್ದೇವೆ ಎಂಬುದೇ ಗೊತ್ತಿರಲಿಲ್ಲ. ಸಾಮಾನ್ಯವಾಗಿ ಅವರನ್ನು ಬೇರೆ ವಾರ್ಡಿನಲ್ಲಿ ಇಡುತ್ತಿದ್ದರು. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಜನ ಸತ್ತರು, ಎರಡನೆಯದರಲ್ಲಿ 14.

ಇಂಜೆಕ್ಷನ್ ಆರು ಗಂಟೆಗೊಮ್ಮೆ, ನಾಲ್ಕು ತಿಂಗಳು. ರಾತ್ರಿ ಪಾಳಿಯಲ್ಲಿ ಅದನ್ನು ಕೊಡುವವಳು ನಿಮ್ಮ ಹುಡುಗಿ ಆಗಲಿ. ಮುಂದಿನ ತಿಂಗಳು ಅವಳನ್ನು ಇನ್ನೊಂದು ವಾರ್ಡಿಗೆ ಹಾಕಲಿ. ಅಲ್ಲಿ ಅವಳದೇ ಊರಿನ ಕಡೆಯ ಹುಡುಗಿ ಮಲಗಿರಲಿ, "ನನಗೆ ಯಾವಾಗ ಇಂಜೆಕ್ಷನ್?" ಅಂತ ಕೇಳದೇ ಇರಲಿ, ಯಾಕೆಂದರೆ ಅಂಥದ್ದೊಂದು ಇದೆ ಅಂತಲೇ ಅವಳಿಗೆ ಗೊತ್ತಿಲ್ಲ. ನಿಮ್ಮ ಹುಡುಗಿಗೆ ಗೊತ್ತಿದೆ. ಅವಳು ಏನು ಮಾಡುತ್ತಾಳೆ? ಡಾಕ್ಟರನ್ನು ಕೇಳುವ ಧೈರ್ಯ 1947ರ ಕಲಿಕೆಯ ನರ್ಸ್‌ಗೆ ಇರುತ್ತದಾ? ನಿಮ್ಮ ಕಾದಂಬರಿ ಇಲ್ಲಿದೆ ಅನ್ನಿಸುತ್ತದೆ ನನಗೆ. ದಯವಿಟ್ಟು ಡಾಕ್ಟರನ್ನು ದುಷ್ಟನನ್ನಾಗಿ ಮಾಡಬೇಡಿ. ಆ ಪ್ರಯೋಗದಿಂದ ಬದುಕಿದವರ ಸಂಖ್ಯೆ ದೊಡ್ಡದು.

ಇನ್ನೊಂದು ತಿರುವೂ ಅಲ್ಲೇ ಇದೆ. ಇಂಜೆಕ್ಷನ್ ಪಡೆದು ಚೇತರಿಸಿಕೊಂಡ ಕೆಲವರು ಮತ್ತೆ ಹಾಸಿಗೆ ಹಿಡಿದರು, ರೋಗಾಣು ಆ ಔಷಧಕ್ಕೆ ಬಗ್ಗದಂತಾಗಿತ್ತು. ಒಂದರ ಜೊತೆ ಇನ್ನೊಂದು ಔಷಧ ಕೊಡುವ ಪದ್ಧತಿ ಬಂದಿದ್ದು ಆಮೇಲೆ. ಸ್ಟ್ರೆಪ್ಟೊಮೈಸಿನ್ ಜೊತೆಗೆ ಮಾತ್ರೆಗಳನ್ನೂ ತಪ್ಪಿಸಬಾರದು ಅಂತ ರೋಗಿಗಳಿಗೆ ಗದರಿ ಹೇಳಿದವರು ನೀವು. ಅದರ ಹಿಂದಿನ ಕಥೆ ನಿಮ್ಮದೇ.

ಕನ್ನಡದ ಹುಡುಗಿ ಬೇಡ. ಓದುಗರನ್ನು ಹಿಡಿಯಲು ಸುಮ್ನೆ ಒಬ್ಬಳನ್ನು ತಂದು ಕೂರಿಸಿದರೆ ಅದು ಗೊತ್ತಾಗಿಬಿಡುತ್ತದೆ. ಐರ್ಲೆಂಡಿನ ಹುಡುಗಿಗೆ ಗಟ್ಟಿ ಕಾರಣವಿದೆ. ಅಲ್ಲಿನ ಎಷ್ಟೋ ಆಸ್ಪತ್ರೆಗಳಲ್ಲಿ ತರಬೇತಿಗೆ ಹಣ ಕಟ್ಟಬೇಕಿತ್ತು, ಇಂಗ್ಲೆಂಡಿನಲ್ಲಿ ಕಲಿಯುತ್ತಲೇ ಸಂಬಳ, ಊಟ, ವಸತಿ ಸಿಗುತ್ತಿತ್ತು. ಮೊದಲು ಸೋಂಕೇ ತಗುಲದ ಹಳ್ಳಿ ಹುಡುಗಿಯರಿಗೆ ಟಿಬಿ ವಾರ್ಡಿನಲ್ಲಿ ಅಪಾಯವೂ ಜಾಸ್ತಿ. ಬ್ರಿಟನ್ನಿನ ನರ್ಸ್‌ಗಳಿಗೆ ಟಿಬಿ ತಡೆಯುವ ಬಿಸಿಜಿ ಲಸಿಕೆ ಬಂದಿದ್ದು 1949ರಲ್ಲಿ. ಭಾರತ ಬೇಕೇ ಬೇಕೆಂದರೆ ಒಂದು ನಿಜವಾದ ಜಾಗವಿದೆ. 1948ರ ಜೂನ್ ಒಳಗೆ ಭಾರತ ಬಿಡುತ್ತೇವೆ ಎಂದು ಪ್ರಧಾನಿ ಅಟ್ಲಿ ಘೋಷಿಸಿದ್ದು 1947ರ ಫೆಬ್ರವರಿ 20ರಂದು, ಅದೇ ಹಿಮದ ನಡುವೆ. ರೋಗಿಯೊಬ್ಬ ಪೇಪರಿನಲ್ಲಿ ಅದನ್ನು ಓದಿ ಹೇಳಲಿ. ಅವಳು ಕೇಳಿಸಿಕೊಂಡು, ಬಿಸಿನೀರಿನ ಚೀಲ ತುಂಬಲು ಹೋಗಲಿ. ನಮ್ಮ ಓದುಗರಿಗೆ ಅಷ್ಟು ಸಾಕು.

ಮೂರನೇ ಅಧ್ಯಾಯದಲ್ಲಿ ಅವಳು ತರಬೇತಿ ನಡುವೆಯೇ ಮದುವೆಯಾಗಿ, ಅದೇ ವಾರ್ಡಿನಲ್ಲಿ ಮುಂದುವರಿಯುತ್ತಾಳೆ. ಆಗಿನ ಬಹಳಷ್ಟು ಆಸ್ಪತ್ರೆಗಳಲ್ಲಿ ಅದು ಆಗುತ್ತಿರಲಿಲ್ಲ. ಮದುವೆಯೋ ಕೆಲಸವೋ ಎಂದು ಅವಳು ಆರಿಸಲೇಬೇಕು. ಆ ಕಷ್ಟವನ್ನು ಅವಳಿಗೆ ಬಿಟ್ಟುಕೊಡಿ.

ಷಿಲ್ಲಿಂಗ್, ಪೆನ್ನಿಗಳನ್ನು ರೂಪಾಯಿಗೆ ಬದಲಿಸಬೇಡಿ. ಒಂದು ಪೌಂಡಿಗೆ 20 ಷಿಲ್ಲಿಂಗ್, ಒಂದು ಷಿಲ್ಲಿಂಗ್‌ಗೆ 12 ಪೆನ್ನಿ ಎಂದು ಒಂದು ಸಲ ಹೇಳಿದರೆ ಓದುಗರು ಹಿಡಿದುಕೊಳ್ಳುತ್ತಾರೆ. ಎರಡನೇ ಅಧ್ಯಾಯವನ್ನು ಮುಟ್ಟಬೇಡಿ. ಉಳಿದೆರಡನ್ನು ತಿದ್ದಿ, ಟಿಬಿ ವಾರ್ಡಿನ ಒಂದು ರಾತ್ರಿ ಪಾಳಿಯನ್ನು ಹೊಸದಾಗಿ ಬರೆದು ಕಳಿಸಿ. ಅವಸರವಿಲ್ಲ, ಬಂದ ಕೂಡಲೇ ಓದುತ್ತೇನೆ.

– ಸಂಪಾದಕ