ಹಗಲಲ್ಲಿ ಶುಕ್ರ: ಮೊದಲು ನೆರಳು, ಆಮೇಲೆ ಟೆಲಿಸ್ಕೋಪ್

ದಾವಣಗೆರೆಯ ನಿಮ್ಮ ತಾರಸಿಯಿಂದ ಬೆಳಗ್ಗೆ 10 ಗಂಟೆಗೆ ಶುಕ್ರ ಕಾಣುತ್ತದಾ, ಫೋಟೊ ತೆಗೆಯಬಹುದಾ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಶುಕ್ರ ಸೂರ್ಯನಿಂದ ಹೆಚ್ಚೆಂದರೆ ಸುಮಾರು 47 ಡಿಗ್ರಿ ದೂರ ಹೋಗುತ್ತದೆ. ಮುಂಜಾನೆ ಕಾಣುವ ತಿಂಗಳುಗಳಲ್ಲಿ ಅದು ಸೂರ್ಯನಿಗಿಂತ ಪಶ್ಚಿಮಕ್ಕಿರುತ್ತದೆ. ಹಾಗಾಗಿ ಪೂರ್ವದ ಗೋಡೆಯೋ ನೀರಿನ ಟ್ಯಾಂಕೋ ಸೂರ್ಯನನ್ನು ಮರೆಮಾಡುವ ಜಾಗದಲ್ಲೇ ಟೆಲಿಸ್ಕೋಪ್ ಇಡಿ. ದಯವಿಟ್ಟು ಇದನ್ನು ಸುಮ್ನೆ ಹೇಳಿದ ಮಾತು ಅಂದುಕೊಳ್ಳಬೇಡಿ. ಸೂರ್ಯ ಒಂದು ಕ್ಷಣ ಐಪೀಸಿಗೆ (ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಮಸೂರ) ಬಂದರೂ ಕಣ್ಣು ಹೋಗಬಹುದು. ನೆರಳು ಸರಿಯುತ್ತಲೇ ಇರುತ್ತದೆ, ಮಕ್ಕಳಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು.

ನೀಲಿ ಆಕಾಶದಲ್ಲಿ ಹುಡುಕುವುದೇ ಕಷ್ಟ. ನಿಮ್ಮದು ಮೋಟಾರ್ ಮೌಂಟ್, ಅಂದರೆ ಗ್ರಹದ ಹಿಂದೆ ಟೆಲಿಸ್ಕೋಪನ್ನು ತಾನೇ ತಿರುಗಿಸುವ ಸ್ಟ್ಯಾಂಡ್ ಅಲ್ವಾ? ಕತ್ತಲಿರುವಾಗಲೇ ಶುಕ್ರನನ್ನು ಹಿಡಿದು, ಫೋಕಸ್ ಮಾಡಿ, ಹಾಗೇ ಹಿಂಬಾಲಿಸಲು ಬಿಡಿ. ಫೋಕಸ್ ಸ್ವಲ್ಪ ತಪ್ಪಿದರೂ ಹಗಲಲ್ಲಿ ಗ್ರಹ ಮಾಯವಾಗುತ್ತದೆ.

ಫೋಟೊಗೆ ಕೆಂಪು ಫಿಲ್ಟರ್ ಹಾಕಿ. ಕಪ್ಪುಬಿಳುಪು ಕ್ಯಾಮೆರಾ ಇದ್ದರೆ 685 ನ್ಯಾನೋಮೀಟರಿನ ಇನ್‌ಫ್ರಾರೆಡ್ ಫಿಲ್ಟರ್ ಇನ್ನೂ ಒಳ್ಳೆಯದು, ಅದು ನೀಲಿ ಬೆಳಕನ್ನು ತಡೆಯುವುದರಿಂದ ಫೋಟೊದಲ್ಲಿ ಆಕಾಶ ಕಪ್ಪಾಗುತ್ತದೆ. ವಿಡಿಯೋ ಮಾಡಿ, ಚೆನ್ನಾಗಿರುವ ಫ್ರೇಮ್‌ಗಳನ್ನು ಸ್ಟ್ಯಾಕ್ ಮಾಡಿ, ಅಂದರೆ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಸೇರಿಸಿ ಒಂದೇ ಚಿತ್ರ ಮಾಡಿ. ನಮ್ಮೂರ ಬಿಸಿಲಿಗೆ ತಾರಸಿ ಕಾದರೆ ಮೇಲೇಳುವ ಬಿಸಿಗಾಳಿಯಿಂದ ಚಿತ್ರ ಕುದಿಯುವ ನೀರಿನಂತೆ ಅಲುಗಾಡುತ್ತದೆ, ಆದ್ದರಿಂದ 9ರೊಳಗೇ ಮುಗಿಸಿದರೆ ಉತ್ತಮ. ಗುರುವನ್ನೂ ಪ್ರಯತ್ನಿಸಿ. ಅದು ಸೂರ್ಯನಿಂದ 90 ಡಿಗ್ರಿ ದೂರವಿದ್ದಾಗ ಪೋಲರೈಸಿಂಗ್ ಫಿಲ್ಟರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಆಕಾಶದ ಹೊಳಪು ತಗ್ಗಿಸಿ ತುಂಬಾ ಸಹಾಯ ಮಾಡುತ್ತದೆ.