ಶಿಡ್ಲಘಟ್ಟದ ಗೂಡಿಗೂ ದೇಶದ ಜಿಡಿಪಿಗೂ ಏನು ಸಂಬಂಧ?

ಪ್ರಶ್ನೆ: ಸರ್, ಊರಿಗೆ ರೇಷ್ಮೆ ಗೂಡಿನ ಮಾರುಕಟ್ಟೆ ಕಟ್ಟಿಸುತ್ತಾರೆ, ಗೂಡಿನಿಂದ ನೂಲು ಬಿಚ್ಚುವ ರೀಲಿಂಗ್ ಯಂತ್ರಕ್ಕೆ ಸಬ್ಸಿಡಿ ಕೊಡುತ್ತಾರೆ. ಊರಿಗೆ ಒಳ್ಳೆಯದೇ. ಆದರೆ ಇದರಿಂದ ದೇಶದ ಆರ್ಥಿಕತೆಯೇ ಬೆಳೆಯುತ್ತದೆ ಅಂತ ವೇದಿಕೆ ಮೇಲೆ ಭಾಷಣ ಬಿಗಿಯುತ್ತಾರಲ್ಲ, ಅದು ನಿಜವಾ, ಸುಮ್ನೆ ಮಾತಾ?
— ಒಬ್ಬ ರೀಲರ್, ಶಿಡ್ಲಘಟ್ಟ

ಉತ್ತರ: ಎಷ್ಟೋ ಸಲ ಸುಮ್ನೆ ಮಾತೇ. ನಿಮ್ಮ ಕಸುಬಿನ ಮಟ್ಟಿಗೆ ಮಾತ್ರ ನಿಜ.

ನಿಮ್ಮ ಲೆಕ್ಕವನ್ನೇ ಹಿಡಿಯೋಣ. ಒಂದು ಕೆ.ಜಿ. ನೂಲಿಗೆ ಸುಮಾರು 7 ಕೆ.ಜಿ. ಗೂಡು ಬೇಕು. ಕೆ.ಜಿ.ಗೆ 500 ರೂಪಾಯಿ ಅಂತಿಟ್ಟುಕೊಂಡರೆ 3,500 ಆಯ್ತು. ನೂಲನ್ನು 4,300ಕ್ಕೆ ಮಾರಿದಿರಿ ಅನ್ನಿ. ದೇಶದ ಲೆಕ್ಕಕ್ಕೆ ನಿಮ್ಮ ಕಡೆಯಿಂದ ಸೇರುವುದು ನಡುವಿನ 800 ರೂಪಾಯಿ, ಅದರಲ್ಲೂ ಸೌದೆ, ಕರೆಂಟಿನ ಖರ್ಚು ಕಳೆದು ಉಳಿದದ್ದು. ಕೆಲಸದವರ ಕೂಲಿ, ನಿಮ್ಮ ಲಾಭ ಎಲ್ಲ ಅದರೊಳಗೇ ಬಂತು. ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳು ಎಣ್ಣೆಗೆ, ಕೋಳಿ ಮೇವಿಗೆ ಹೋಗುತ್ತದಲ್ಲ, ಆ ದುಡ್ಡೂ ಲೆಕ್ಕಕ್ಕೆ ಬರುತ್ತದೆ. ಹುಳು ಸಾಕಿದವರು, ನೇಯುವವರು, ಮಾರುವವರು, ಹೀಗೆ ಒಬ್ಬೊಬ್ಬರು ಸೇರಿಸಿದ್ದನ್ನು ಕೂಡುತ್ತಾ ಹೋದರೆ ಜಿಡಿಪಿ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದಿದೆ. ಭಾರತ ಇವತ್ತಿಗೂ ಚೀನಾದಿಂದ ರೇಷ್ಮೆ ನೂಲು ತರಿಸುತ್ತದೆ. ಪವರ್‌ಲೂಮ್‌ನವರಿಗೆ ಹಾಸು ನೂಲು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು, ಒಂದೇ ಸಮ ಇರಬೇಕು, ಪದೇ ಪದೇ ಕಿತ್ತುಹೋಗಬಾರದು. ಕೈಯಲ್ಲಿ ತಿರುಗಿಸಿ ಬಿಚ್ಚುವ ಚರಕದ ನೂಲಿನಲ್ಲಿ ಅದು ಕಷ್ಟ, ನಿಮಗೇ ಗೊತ್ತು. ಬೈವೋಲ್ಟೀನ್ ಅನ್ನುವ ಒಳ್ಳೆ ತಳಿಯ ಗೂಡನ್ನು ಆಟೋಮ್ಯಾಟಿಕ್ ಯಂತ್ರದಲ್ಲಿ ಬಿಚ್ಚಿದರೆ ಆ ಗುಣಮಟ್ಟ ಸಿಗುತ್ತದೆ. ಅಂಥ ನೂಲು ಇಲ್ಲೇ ಜಾಸ್ತಿ ಆದಷ್ಟೂ ಡಾಲರ್ ಕೊಟ್ಟು ತರಿಸುವುದು ಕಡಿಮೆ.

ಎಲ್ಲ ಅಭಿವೃದ್ಧಿಯೂ ಹೀಗಿರುವುದಿಲ್ಲ. ಆಂಧ್ರದ ಪೆನುಕೊಂಡದ ಹತ್ತಿರ ಕಿಯಾ ಕಾರ್ಖಾನೆ ಇದೆಯಲ್ಲ, 2019ರಿಂದ ಕಾರು ತಯಾರಿಸುತ್ತಿದೆ, ಅದು ಗಡಿಯ ಈಚೆ ಗೌರಿಬಿದನೂರಿಗೆ ಬಂದಿದ್ದರೆ ಚಿಕ್ಕಬಳ್ಳಾಪುರ ಜಿಲ್ಲೆಗೆ ಹಬ್ಬ. ದೇಶಕ್ಕೆ? ಹೆಚ್ಚುಕಮ್ಮಿ ಅಷ್ಟೇ ಕಾರು, ಅಷ್ಟೇ ಕೆಲಸ. ರಾಜ್ಯಗಳು ಪೈಪೋಟಿಗೆ ಬಿದ್ದು ಜಾಗ, ತೆರಿಗೆ ಬಿಟ್ಟುಕೊಟ್ಟರೆ ಹೋಗುವುದು ಮಾತ್ರ ಜನರ ದುಡ್ಡು. ಇಂಥದ್ದಕ್ಕೇ ಭಾಷಣ ಜಾಸ್ತಿ, ಅಲ್ವಾ?

ತೆರಿಗೆ ಅಂದಾಗ ನೆನಪಾಯಿತು. ಗೂಡಿಗೂ ಕಚ್ಚಾ ರೇಷ್ಮೆಗೂ ಜಿಎಸ್‌ಟಿ ಇಲ್ಲ, ಬಟ್ಟೆ ಆದ ಮೇಲೆ ಶೇ. 5. ನಿಮ್ಮ ನೂಲಿನ ಸೀರೆಯನ್ನು ಕಾಂಚೀಪುರದ ಅಂಗಡಿಯಲ್ಲಿ ಅಲ್ಲಿಯವರೇ ಕೊಂಡರೆ ಆ ತೆರಿಗೆಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ತಮಿಳುನಾಡಿಗೆ. ಯಂತ್ರಕ್ಕೆ ಸಬ್ಸಿಡಿ ಕೊಟ್ಟ ಕರ್ನಾಟಕಕ್ಕೆ ಅದರಲ್ಲಿ ನೇರ ಪಾಲಿಲ್ಲ. ಹಾಗಾಗಿ ರೇಷ್ಮೆ ಕಸುಬಿಗೆ ನೆರವು ಕೊಡುವ ಸಿಲ್ಕ್ ಸಮಗ್ರದಂಥ ಯೋಜನೆಗೆ ರಾಜ್ಯದ ಜೊತೆ ಕೇಂದ್ರವೂ ದುಡ್ಡು ಹಾಕುವುದು ನ್ಯಾಯವೇ.